ಬಸ್ಸು ಗೊತ್ತು ಮಾಡುವ ಮೊದಲು: ಊರಿನ ಮಕ್ಕಳಿಗೆ ಕಿವಿಮಾತು

ಆಟಿ ಕಳೆದು ಸೋಣ ಬಂತೆಂದರೆ ನಮ್ಮ ಪೆರಾಬೆ, ಕುಂತೂರು, ಆಲಂಕಾರಿನ ಕಡೆ ಬಸ್ಸಿನ ಮಾತು ಶುರುವಾಗುತ್ತದೆ. ಯುವಕ ಮಂಡಲದವರಿಗೆ ಮೈಸೂರಿಗೆ ಹೋಗಬೇಕು, ಭಜನಾ ಮಂಡಳಿಗೆ ಕೊಲ್ಲೂರು, ಶೃಂಗೇರಿ. ಸ್ತ್ರೀಶಕ್ತಿ ಸಂಘದವರು ಗುರುವಾಯೂರು ಎನ್ನುತ್ತಾರೆ, ಶಾಲೆಯವರು ಪ್ರವಾಸ ಎನ್ನುತ್ತಾರೆ, ಮದುವೆ ಮನೆಯವರಿಗೆ ದಿಬ್ಬಣದ ಚಿಂತೆ. ಎಲ್ಲರೂ ಫೋನೆತ್ತಿ ಮೊದಲು ಕೇಳುವುದು ಒಂದೇ ಮಾತು: "ಕಿಲೋಮೀಟರಿಗೆ ಎಷ್ಟು?"

ಮಕ್ಕಳೇ, ಆ ಒಂದು ಪ್ರಶ್ನೆಯಿಂದ ಬಾಡಿಗೆ ಎಷ್ಟಾಗುತ್ತದೆಂದು ತಿಳಿಯುವುದಿಲ್ಲ. ನಾವು ಎಷ್ಟು ಜನ, ಯಾವ ತಿಂಗಳು, ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ಮರಳುತ್ತೇವೆ, ಯಾವ ಘಾಟಿ ಹತ್ತುತ್ತೇವೆ, ಯಾವ ಗಡಿ ದಾಟುತ್ತೇವೆ, ಇವು ಬಾಡಿಗೆಯನ್ನು ಏರಿಸುತ್ತವೆ, ಇಳಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಇವೆ. ಮನೆಯ ಜಗಲಿಯಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದರೆ ಉಳಿಯುವಷ್ಟು ಹಣ ಮಾಲಕರೊಡನೆ ಚೌಕಾಶಿ ಮಾಡಿ ಉಳಿಯುವುದಿಲ್ಲ. ಉಳಿಸಬಾರದ ಜಾಗಗಳೂ ಕೆಲವಿವೆ. ಎರಡನ್ನೂ ಹೇಳುತ್ತೇನೆ.

ಮೊದಲು ತಲೆ ಎಣಿಸಿ

• ಬರುತ್ತೇನೆ ಎಂದವರನ್ನು ಎಣಿಸಬೇಡಿ, ಹಣ ಕೊಟ್ಟವರನ್ನು ಎಣಿಸಿ. ಬಸ್ಸಿನ ಬಾಡಿಗೆ ಬಸ್ಸಿಗೆ, ತಲೆಗಲ್ಲ. ಒಟ್ಟು 30,000 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. 50 ಜನರಾದರೆ ತಲಾ 600. ಕೊನೆಯ ವಾರ 12 ಜನ ಹಿಂದೆ ಸರಿದು 38 ಉಳಿದರೆ ತಲಾ 790ರ ಹತ್ತಿರ. ಬಂದವರು ಬಾರದವರ ಪಾಲನ್ನೂ ಹೊರುತ್ತಾರೆ. ಅದು ನ್ಯಾಯವಲ್ಲ.

• ಸಂಖ್ಯೆ ಗಟ್ಟಿಯಾದ ಮೇಲೆ ಬಸ್ಸಿನ ಅಳತೆ ನೋಡಿ. ಹನ್ನೆರಡು ಹದಿಮೂರು ಜನರಿಗೆ ಟೆಂಪೋ ಟ್ರಾವೆಲರ್, ಇಪ್ಪತ್ತರಿಂದ ಮೂವತ್ತರವರೆಗೆ ಮಿನಿ ಬಸ್ಸು, ನಲವತ್ತು ದಾಟಿದರೆ ದೊಡ್ಡ ಬಸ್ಸು. ಇಪ್ಪತ್ತೆಂಟು ಜನರಿಗೆ ದೊಡ್ಡ ಬಸ್ಸು ತಂದರೆ ಖಾಲಿ ಸೀಟಿಗೂ ಡೀಸೆಲ್ ಸುಡುತ್ತದೆ. ಐವತ್ತು ಜನರಿಗೆ ಎರಡು ಮಿನಿ ಬಸ್ಸು ತಂದರೆ ಇಬ್ಬರು ಚಾಲಕರು, ಎರಡು ಪರ್ಮಿಟ್, ಎರಡು ಟೋಲ್.

• ಸೀಟಿಗಿಂತ ಹೆಚ್ಚು ಜನರನ್ನು ತುಂಬುವ ಯೋಚನೆ ಬೇಡ. "ನಾಲ್ಕು ಹುಡುಗರು ನಿಂತು ಬರುತ್ತಾರೆ" ಎಂಬ ಮಾತು ದಿಬ್ಬಣದಲ್ಲಿ ಪ್ರತಿಸಲ ಬರುತ್ತದೆ. ವಿಮೆ ಇರುವುದು ಪರ್ಮಿಟ್‌ನಲ್ಲಿ ಬರೆದ ಸೀಟಿಗೆ. ಅನುಮತಿಗಿಂತ ಹೆಚ್ಚು ಜನರನ್ನು ತುಂಬಿದ್ದ ಬಸ್ಸಿನ ಅಪಘಾತವೊಂದರಲ್ಲಿ, ವಿಮಾ ಕಂಪನಿಯ ಹೊಣೆ ಅನುಮತಿಯಿದ್ದ ಪ್ರಯಾಣಿಕರ ಸಂಖ್ಯೆಗಷ್ಟೇ ಸೀಮಿತ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಡಿಲಲ್ಲಿ ಕೂರುವ ಮಗುವನ್ನೂ ಮೊದಲೇ ಲೆಕ್ಕಕ್ಕೆ ಹೇಳಿ.

ದಿನ ಮತ್ತು ಕಿಲೋಮೀಟರ್: ಇಲ್ಲೇ ಹೆಚ್ಚು ಹಣ ಹೋಗುತ್ತದೆ

• ಕಿಲೋಮೀಟರ್ ದರ ಕೇಳಿದ ಕೂಡಲೇ ಎರಡನೆಯ ಪ್ರಶ್ನೆ ಕೇಳಿ: "ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ.?" ಸರಕಾರಿ ಬಸ್ಸಿಗೂ ಖಾಸಗಿ ಬಸ್ಸಿಗೂ ದಿನದ ಕನಿಷ್ಠ ಓಟ ಎಂಬುದು ಇದ್ದೇ ಇದೆ. ಬಸ್ಸು ಅಷ್ಟು ಓಡದಿದ್ದರೂ ಅಷ್ಟರ ಹಣ ಕೊಡಬೇಕು. ಮಾಲಕನಿಗೆ ಬಸ್ಸು ನಿಂತರೂ ಬ್ಯಾಂಕಿನ ಕಂತು, ತೆರಿಗೆ, ವಿಮೆ, ಚಾಲಕನ ಸಂಬಳ ನಿಲ್ಲುವುದಿಲ್ಲ, ಅದಕ್ಕಾಗಿ ಈ ಕ್ರಮ.

• ಮೂರನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು: "ನಿಮ್ಮ ಒಂದು ದಿನ ಎಂದರೆ ಯಾವುದು?" ಕೆಲವರಿಗೆ ಬಸ್ಸು ಹೊರಟ ಗಂಟೆಯಿಂದ 24 ಗಂಟೆ. ಕೆಲವರಿಗೆ ನಡುರಾತ್ರಿಯಿಂದ ನಡುರಾತ್ರಿ. ಶುಕ್ರವಾರ ರಾತ್ರಿ 10ಕ್ಕೆ ಪೆರಾಬೆಯಿಂದ ಹೊರಟು ಆದಿತ್ಯವಾರ ರಾತ್ರಿ 9ಕ್ಕೆ ಮರಳಿದಿರಿ ಎಂದುಕೊಳ್ಳಿ. 24 ಗಂಟೆಯ ಲೆಕ್ಕದಲ್ಲಿ ಅದು ಎರಡು ದಿನ, ತಾರೀಕಿನ ಲೆಕ್ಕದಲ್ಲಿ ಮೂರು ದಿನ. ದಿನಕ್ಕೆ ಕನಿಷ್ಠ 300 ಕಿ.ಮೀ., ಕಿಲೋಮೀಟರಿಗೆ 45 ರೂಪಾಯಿ ಎಂದು ಉದಾಹರಣೆಗೆ ಹಿಡಿಯಿರಿ. ನಿಜಕ್ಕೂ ಓಡಿದ್ದು 650 ಕಿ.ಮೀ. ಆದರೆ ಮೊದಲನೆಯ ಲೆಕ್ಕದಲ್ಲಿ 650ರ ಹಣ, ಎರಡನೆಯದರಲ್ಲಿ 900ರ ಹಣ. ವ್ಯತ್ಯಾಸ 11,250 ರೂಪಾಯಿ. ದರದಲ್ಲಿ ಎರಡು ರೂಪಾಯಿ ಇಳಿಸಲು ಗಂಟೆಗಟ್ಟಲೆ ಮಾತಾಡುವವರು ಈ ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ.

• ತಾರೀಕಿನ ಲೆಕ್ಕದವರಾದರೆ ರಾತ್ರಿ 10ಕ್ಕೆ ಹೊರಡುವ ಬದಲು ನಸುಕಿನ 4ಕ್ಕೆ ಹೊರಡಿ. ಮಧ್ಯರಾತ್ರಿಗೆ ಮೊದಲು ಊರು ಸೇರುವಂತೆ ಮರಳುವ ಹೊತ್ತನ್ನೂ ನೋಡಿಕೊಳ್ಳಿ. ಒಂದು ದಿನದ ಬಾಡಿಗೆ, ಒಂದು ದಿನದ ಭತ್ಯೆ ಎರಡೂ ಉಳಿಯುತ್ತವೆ, ಚಾಲಕನಿಗೆ ರಾತ್ರಿಯ ನಿದ್ರೆಯೂ ಸಿಗುತ್ತದೆ.

• ಮೀಟರ್ ಶುರುವಾಗುವುದು ನಿಮ್ಮ ಅಂಗಳದಿಂದ ಅಲ್ಲ, ಮಾಲಕನ ಶೆಡ್ಡಿನಿಂದ. ಮುಗಿಯುವುದೂ ಅಲ್ಲೇ. ಮಂಗಳೂರಿನ ಬಸ್ಸು ಗೊತ್ತು ಮಾಡಿದರೆ ಪೆರಾಬೆಗೆ ಬರುವಾಗಲೂ ಹೋಗುವಾಗಲೂ ಖಾಲಿ ಓಡಿದ ದೂರ ನಿಮ್ಮ ತಲೆಗೆ. ಉಪ್ಪಿನಂಗಡಿ, ಕಡಬ, ಪುತ್ತೂರಿನಲ್ಲಿ ಮೊದಲು ವಿಚಾರಿಸಿ. ಅಲ್ಲಿನ ದರ ಒಂದೆರಡು ರೂಪಾಯಿ ಹೆಚ್ಚಿದ್ದರೂ ಒಟ್ಟಿನಲ್ಲಿ ಕಡಿಮೆಯಾದೀತು. ಶಾಂತಿಮೊಗರಿನಲ್ಲಿ ಕುಮಾರಧಾರೆಗೆ ಸೇತುವೆಯಾದ ಮೇಲೆ ಆಲಂಕಾರಿನಿಂದ ಸವಣೂರಾಗಿ ಪುತ್ತೂರಿಗೆ ಇನ್ನೊಂದು ದಾರಿ ಇದೆ. ಬಸ್ಸು ಯಾವ ಕಡೆಯಿಂದ ಬರಲಿ ಎಂದು ಮೊದಲೇ ಹೇಳಿ.

• ಕನಿಷ್ಠ ಕಿ.ಮೀ.ಗೆ ಹಣ ಕೊಟ್ಟಾಯಿತು ಎಂದ ಮೇಲೆ ಅದನ್ನು ಬಳಸಿಕೊಳ್ಳಿ. ಇಲ್ಲಿಂದ ಮೈಸೂರಿಗೆ ಹೋಗಿಬರಲು ಎರಡು ದಿನ ಗೊತ್ತು ಮಾಡಿದರೆ ಕನಿಷ್ಠ ಓಟದಲ್ಲಿ ಸುಮಾರು ನೂರು ಕಿ.ಮೀ. ಉಳಿಯುವುದುಂಟು. ಆ ನೂರರಲ್ಲಿ ಶ್ರೀರಂಗಪಟ್ಟಣ, ಕನ್ನಂಬಾಡಿ, ನಂಜನಗೂಡು ಇವುಗಳಲ್ಲಿ ಎರಡನ್ನಾದರೂ ನೋಡಬಹುದು. ಬೇರೆ ಹಣ ಬೇಡ.

• ಮನೆ ಮನೆಗೆ ಬಸ್ಸು ಬರಲಿ ಎಂಬ ಆಸೆ ಬಿಡಿ. ನಮ್ಮ ಮನೆಗಳು ಒಂದೊಂದು ತೋಟದ ನಡುವೆ ಒಂದೊಂದು. ಒಳಮಾರ್ಗದಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಮರದ ಗೆಲ್ಲು, ವಿದ್ಯುತ್ ತಂತಿ ತಾಗುತ್ತದೆ. ಉಪ್ಪಿನಂಗಡಿ-ಕಡಬ ಮಾರ್ಗದ ಎರಡೇ ಜಾಗದಲ್ಲಿ ಎಲ್ಲರೂ ಸೇರಿ ಹತ್ತಿ. ವಯಸ್ಸಾದವರನ್ನು ಜೀಪಿನಲ್ಲೋ ರಿಕ್ಷಾದಲ್ಲೋ ಅಲ್ಲಿಗೆ ತನ್ನಿ. ಹೊರಡುವ ಮೊದಲೇ ಒಂದು ಗಂಟೆ ಕಳೆದುಹೋದರೆ ಆ ಗಂಟೆಗೆ ಮರಳುವಾಗ ಹಣ ಕೊಡಬೇಕಾದೀತು.

ಮಾರ್ಗ, ಘಾಟಿ, ಗಡಿ

• ನಮ್ಮ ಊರಿನಿಂದ ಮೂಡು ದಿಕ್ಕಿಗೆ ಎಲ್ಲಿ ಹೊರಟರೂ ಘಾಟಿ ಹತ್ತಲೇಬೇಕು. ಹತ್ತುವಾಗ ಡೀಸೆಲ್ ಹೆಚ್ಚು ಸುಡುತ್ತದೆ, ಇಳಿಯುವಾಗ ಬ್ರೇಕು ಸವೆಯುತ್ತದೆ. ಹಾಗಾಗಿ ಕೆಲವರು ಘಾಟಿಗೆ ಬೇರೆ ದರ ಹೇಳುತ್ತಾರೆ. ಅದನ್ನು ಮೊದಲೇ ಕೇಳಿ.

• ಮಳೆಗಾಲದಲ್ಲಿ ಒಂದೇ ಘಾಟಿಯನ್ನು ನಂಬಿ ಲೆಕ್ಕ ಹಾಕಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಸಂಪಾಜೆ ಘಾಟಿ ಮುಚ್ಚಿತು, ಅದೇ ಮಳೆಗೆ ಶಿರಾಡಿಯೂ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ಭಾರೀ ವಾಹನಗಳಿಗೆ ನಿರ್ಬಂಧ ಬಂತು. 2024ರ ಜುಲೈಯಲ್ಲಿ ದೊಡ್ಡತಪ್ಪಲಿನಲ್ಲಿ ಮಣ್ಣು ಬಿದ್ದು ಶಿರಾಡಿ ಮತ್ತೆ ನಿಂತಿತು. ಸುತ್ತು ಹೊಡೆದರೆ ಆ ಹೆಚ್ಚುವರಿ ಕಿಲೋಮೀಟರಿನ ಹಣ ಯಾರದ್ದು ಎಂದು ಬಸ್ಸು ಹೊರಡುವ ಮೊದಲು ಮಾತಾಗಬೇಕು.

• ಬಸ್ಸಿನ ಅಳತೆಯನ್ನು ಮಾರ್ಗವೇ ನಿರ್ಧರಿಸುವುದೂ ಉಂಟು. ಆಗುಂಬೆಯ ತಿರುವುಗಳಲ್ಲಿ ಓಡುವುದು ಮಿನಿ ಬಸ್ಸು. ಬಿಸಿಲೆಯ ದಾರಿ ಅಗಲ ಕಿರಿದು. ಚಾರ್ಮಾಡಿಯಲ್ಲಿ ಆಯಾ ಕಾಲಕ್ಕೆ ಜಿಲ್ಲಾಧಿಕಾರಿಗಳ ಆದೇಶ ಏನಿದೆಯೋ ಅದೇ. ದೊಡ್ಡ ಬಸ್ಸು ಗೊತ್ತು ಮಾಡಿ ಆಮೇಲೆ ದಾರಿ ಹುಡುಕಬೇಡಿ.

• ಕಾಡಿನ ಗೇಟಿನ ಹೊತ್ತನ್ನು ನೆನಪಿಡಿ. ಬಂಡೀಪುರದ ಮಾರ್ಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. ಊಟಿಯಿಂದ ತಡವಾಗಿ ಹೊರಟರೆ ಇಡೀ ಬಸ್ಸು ಗೇಟಿನ ಆಚೆ ರಾತ್ರಿ ಕಳೆಯಬೇಕು, ಬಾಡಿಗೆಗೆ ಇನ್ನೊಂದು ದಿನ ಸೇರುತ್ತದೆ. ನೀಲಗಿರಿ ಜಿಲ್ಲೆಗೆ 2024ರ ಮೇ 7ರಿಂದ ಇ-ಪಾಸ್ ಕೂಡ ಬೇಕು. ಅದನ್ನು ಯಾರು ಮಾಡಿಸುವುದು ಎಂದು ಮೊದಲೇ ಗೊತ್ತುಪಡಿಸಿಕೊಳ್ಳಿ.

• ಕಾಸರಗೋಡಿನಲ್ಲಿ ನಮಗೆ ನೆಂಟರಿದ್ದಾರೆ, ಮಧೂರು, ಕುಂಬಳೆ ನಮಗೆ ಪರವೂರಲ್ಲ. ಆದರೆ ಬಾಡಿಗೆ ಬಸ್ಸಿಗೆ ಅದು ಬೇರೆ ರಾಜ್ಯ. ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ಆ ಪ್ರವಾಸಕ್ಕೆ ವಿಶೇಷ ಪರ್ಮಿಟ್ ಮಾಡಿಸುತ್ತಾರೆಯೇ, ಕೇರಳದ ತೆರಿಗೆ ಯಾರು ಕಟ್ಟುವುದು, ಈ ಮೂರು ಕೇಳಿ. ದಿಬ್ಬಣ ಗಡಿಯಲ್ಲಿ ನಿಂತು ಮುಹೂರ್ತ ಮೀರುವುದು ಯಾವ ದಂಡಕ್ಕಿಂತಲೂ ಹೆಚ್ಚಿನ ನಷ್ಟ.

• ಶಬರಿಮಲೆಗೆ ಹೋಗುವವರು ಒಂದು ವಿಷಯ ಸೇರಿಸಿಕೊಳ್ಳಿ. 2018ರ ಪ್ರವಾಹದ ಬಳಿಕ ಬಸ್ಸುಗಳಿಗೆ ತಂಗುವ ಜಾಗ ನಿಲಯ್ಕಲ್. ಅಲ್ಲಿಂದ ಪಂಪೆಗೆ ಕೇರಳ ಸರಕಾರಿ ಬಸ್ಸಿನ ಟಿಕೆಟ್ ಬೇರೆ. ನಿಮ್ಮ ಬಸ್ಸು ಅಲ್ಲಿ ಕಾಯುವಷ್ಟು ಹೊತ್ತೂ ಬಾಡಿಗೆಯ ದಿನ ಓಡುತ್ತಿರುತ್ತದೆ.

ಯಾವ ತಿಂಗಳು, ಯಾವ ವಾರ

• ಅಡಿಕೆಯ ಧಾರಣೆಗೆ ಇರುವ ಹಾಗೆ ಬಸ್ಸಿನ ಬಾಡಿಗೆಗೂ ಒಂದು ಕಾಲ ಇದೆ. ನವೆಂಬರ್ ನಡುವಿನಿಂದ ಜನವರಿಯವರೆಗೆ ಶಬರಿಮಲೆ ಯಾತ್ರೆ, ಶಾಲಾ ಪ್ರವಾಸ, ಧರ್ಮಸ್ಥಳದ ಲಕ್ಷದೀಪ, ಸುಬ್ರಹ್ಮಣ್ಯದ ಚಂಪಾಷಷ್ಠಿ ಎಲ್ಲವೂ ಒತ್ತೊತ್ತಾಗಿ ಬರುತ್ತವೆ. ಡಿಸೆಂಬರಿನ ಕೊನೆಯ ವಾರ ಬಸ್ಸು ಸಿಗುವುದೇ ಕಷ್ಟ, ಸಿಕ್ಕರೆ ಅವರು ಹೇಳಿದ್ದೇ ದರ.

• ಏಪ್ರಿಲ್, ಮೇ ಮದುವೆ, ಬ್ರಹ್ಮಕಲಶ, ರಜೆಯ ತಿಂಗಳು. ಅದರಲ್ಲೂ ಏಪ್ರಿಲ್ 10ರಿಂದ ಪುತ್ತೂರು ಜಾತ್ರೆ. ಒಳ್ಳೆಯ ಮುಹೂರ್ತದ ಆದಿತ್ಯವಾರಕ್ಕೆ ಬಸ್ಸು ಬೇಕಾದರೆ ಛತ್ರ ಗೊತ್ತು ಮಾಡಿದ ದಿನವೇ ಬಸ್ಸನ್ನೂ ಗೊತ್ತು ಮಾಡಿ.

• ಆಟಿಯಲ್ಲಿ ಮದುವೆ ಇಲ್ಲ, ಪ್ರವಾಸವೂ ಕಡಿಮೆ, ಬಾಡಿಗೆ ಇಳಿಯುತ್ತದೆ. ಆದರೆ ಒಂದು ಎಚ್ಚರ: ಬಾಡಿಗೆ ಬಸ್ಸಿಗೆ ತೆರಿಗೆ ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಕೆಲಸವಿಲ್ಲದ ತಿಂಗಳಲ್ಲಿ ಕೆಲವು ಮಾಲಕರು ದಾಖಲೆಯನ್ನು ಆರ್‌ಟಿಒ ಕಚೇರಿಗೆ ಒಪ್ಪಿಸಿ ಬಸ್ಸು ನಿಲ್ಲಿಸಿಬಿಡುತ್ತಾರೆ. ಅಂಥ ಬಸ್ಸನ್ನು "ಒಂದು ದಿನಕ್ಕಲ್ಲವೇ" ಎಂದು ಯಾರಾದರೂ ಕಡಿಮೆಗೆ ಕೊಡಲು ಬಂದರೆ ಬೇಡ ಎನ್ನಿ.

• ಆದಿತ್ಯವಾರವೇ ಆಗಬೇಕೆಂಬ ಹಟ ಇಲ್ಲದವರು ಮಂಗಳವಾರ, ಬುಧವಾರ ಹೊರಡಿ. ನಿವೃತ್ತರ ಕೂಟ, ಭಜನಾ ಮಂಡಳಿಗೆ ಇದು ಸುಲಭ. ಬಾಡಿಗೆಯಲ್ಲೂ ಮಾತಿಗೆ ಎಡೆ ಇರುತ್ತದೆ, ದೇವಸ್ಥಾನದ ಸಾಲಿನಲ್ಲೂ ಕಾಯುವುದು ಕಡಿಮೆ.

• ಚುನಾವಣೆಯ ದಿನಾಂಕ ಘೋಷಣೆಯಾಗಿದ್ದರೆ ಮತದಾನದ ಹಿಂದುಮುಂದಿನ ದಿನಗಳನ್ನು ಬಿಟ್ಟುಬಿಡಿ. ಸರಕಾರಿ ಬಸ್ಸೂ ಖಾಸಗಿ ಬಸ್ಸೂ ಚುನಾವಣಾ ಕೆಲಸಕ್ಕೆ ಹೋಗುತ್ತವೆ. ಗೊತ್ತು ಮಾಡಿದ ಬಸ್ಸನ್ನೂ ಅಧಿಕಾರಿಗಳು ವಶಕ್ಕೆ ಪಡೆಯಬಹುದು.

ಸರಕಾರಿ ಬಸ್ಸೋ, ಖಾಸಗಿಯೋ

• ಕೆಎಸ್‌ಆರ್‌ಟಿಸಿ ಬಸ್ಸು ಸಾಂದರ್ಭಿಕ ಒಪ್ಪಂದದ ಮೇಲೆ ಸಿಗುತ್ತದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಪುತ್ತೂರಿನಲ್ಲಿ ವಿಭಾಗೀಯ ಕಚೇರಿಯೇ ಇದೆ. ಪುತ್ತೂರು, ಸುಳ್ಯ, ಧರ್ಮಸ್ಥಳ, ಬಿ.ಸಿ. ರೋಡ್, ಮಡಿಕೇರಿಯ ಡಿಪೋಗಳು ಅದರ ಕೆಳಗೆ ಬರುತ್ತವೆ. ಸಾಮಾನ್ಯ ಸಾರಿಗೆ, ರಾಜಹಂಸ, ಐರಾವತ ಹೀಗೆ ಬಸ್ಸಿನ ವರ್ಗಕ್ಕೆ ತಕ್ಕಂತೆ ದರ. ರಾಜ್ಯದ ಹೊರಗೆ ಹೋದರೆ ದರ ಬೇರೆ. ಠೇವಣಿ ಇಡಬೇಕು, ಲೆಕ್ಕ ಮುಗಿದ ಮೇಲೆ ಉಳಿದದ್ದು ಮರಳುತ್ತದೆ.

• ಸರಕಾರಿ ಬಸ್ಸಿನ ದರದಲ್ಲಿ ಚೌಕಾಶಿ ಇಲ್ಲ, ಆದರೆ ಹೇಳಿದ್ದಕ್ಕಿಂತ ಹೆಚ್ಚು ಕೇಳುವವರೂ ಇಲ್ಲ. ದಾರಿಯಲ್ಲಿ ಕೆಟ್ಟರೆ ಹತ್ತಿರದ ಡಿಪೋದ ಸಹಾಯ ಸಿಗುತ್ತದೆ. ಶಾಲಾ ಮಕ್ಕಳನ್ನು ಕರೆದೊಯ್ಯುವ ಗುರುಗಳಿಗೆ ನನ್ನ ಸಲಹೆ ಮೊದಲು ಇದನ್ನೇ ವಿಚಾರಿಸಿ ಎಂಬುದು.

• ಖಾಸಗಿ ಬಸ್ಸಿನಲ್ಲಿ ಸೀಟಿನ ಆಯ್ಕೆ ಹೆಚ್ಚು, ಮಾತಾಡಲು ಎಡೆ ಹೆಚ್ಚು, ಊರಿನ ಪರಿಚಯವೂ ಇರುತ್ತದೆ. ಮೂರು ಕಡೆ ಕೇಳಿ. ಮೂವರಿಗೂ ಒಂದೇ ಹಾಳೆಯ ವಿವರ ಕೊಡಿ: ಅದೇ ಗಂಟೆ, ಅದೇ ಮಾರ್ಗ, ಅಷ್ಟೇ ಜನ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದರೆ ದರ ಹೋಲಿಸಲು ಆಗುವುದಿಲ್ಲ.

• 2023ರ ಜೂನ್ 11ರಿಂದ ಬಂದ, ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಾಡಿಗೆ ಬಸ್ಸಿಗೆ ಅನ್ವಯಿಸುವುದಿಲ್ಲ. ಆದರೆ ಹತ್ತಿಪ್ಪತ್ತು ಮಂದಿ ಮಹಿಳೆಯರ ಸಂಘ ರಾಜ್ಯದೊಳಗಿನ ಒಂದೇ ಕ್ಷೇತ್ರಕ್ಕೆ ಹೋಗುವುದಾದರೆ ಸಾಮಾನ್ಯ, ವೇಗದೂತ ಬಸ್ಸಿನಲ್ಲೇ ಹೋಗಿಬರಬಹುದು. ಬಸ್ಸು ಗೊತ್ತು ಮಾಡುವ ಅಗತ್ಯವೇ ಇಲ್ಲ ಎಂಬುದೂ ಒಂದು ಉತ್ತರ.

• ದೂರದ ಊರಾದರೆ ರೈಲನ್ನೂ ಯೋಚಿಸಿ. ಕಬಕ-ಪುತ್ತೂರಿನಲ್ಲೋ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲೋ ಹತ್ತಿ, ಆ ಊರಿನಲ್ಲಿ ಒಂದು ದಿನಕ್ಕೆ ಮಾತ್ರ ಬಸ್ಸು ಮಾಡಿಕೊಂಡರೆ ಘಾಟಿಯ ಡೀಸೆಲ್, ರಾತ್ರಿಯ ಚಾಲನೆ ಎರಡೂ ತಪ್ಪುತ್ತವೆ.

ದರದ ಹೊರಗೆ ನಿಂತಿರುವ ಖರ್ಚು

• ಟೋಲ್: 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಲ್ಲಿ ಮೂಲ ದರ ಕಿ.ಮೀ.ಗೆ ಕಾರಿಗೆ 65 ಪೈಸೆ, ಮಿನಿ ಬಸ್ಸಿಗೆ 1 ರೂಪಾಯಿ 5 ಪೈಸೆ, ಬಸ್ಸಿಗೆ 2 ರೂಪಾಯಿ 20 ಪೈಸೆ. ಮೊತ್ತ ವರ್ಷ ವರ್ಷ ಏರಿದೆ, ಈ ಪ್ರಮಾಣ ಹಾಗೆಯೇ ಇದೆ. ಎಂದರೆ ದೊಡ್ಡ ಬಸ್ಸಿನ ಟೋಲ್ ಕಾರಿನ ಮೂರು ಪಟ್ಟಿಗೂ ಮಿಕ್ಕಿದ್ದು, ಮಿನಿ ಬಸ್ಸಿನದ್ದು ಅದರ ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನ ದಾರಿಯಲ್ಲಿ ಹಾಸನದ ಆಚೆಯ ಶಾಂತಿಗ್ರಾಮವೂ ಸೇರಿ ಹಲವು ಗೇಟುಗಳಿವೆ. 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಒಂದೂವರೆ ಪಟ್ಟು ಸಾಕು. ಬಸ್ಸಿನ ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ನೋಡಿ. ಇಲ್ಲದೆ ನಗದು ಕೊಟ್ಟರೆ ಎರಡು ಪಟ್ಟು.

• ಚಾಲಕ, ಕ್ಲೀನರ್‌ನ ಭತ್ಯೆ ಮತ್ತು ಊಟ: ದಿನಕ್ಕೆ ಎಷ್ಟು, ರಾತ್ರಿಗೆ ಬೇರೆಯೇ ಎಂದು ಕೇಳಿ. ಪಾರ್ಕಿಂಗ್, ಕಾಯುವ ಹಣ, ಎ.ಸಿ. ಹಾಕಿದರೆ ಬೇರೆ ದರವೇ ಎಂಬುದನ್ನೂ ಕೇಳಿ.

• ಜಿ.ಎಸ್.ಟಿ.: ಎ.ಸಿ. ಇಲ್ಲದ ಬಸ್ಸಿಗೆ ತೆರಿಗೆ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಪ್ರವಾಸಕ್ಕೆ ಬಾಡಿಗೆಗೆ ಪಡೆದ ಬಸ್ಸಿಗೆ ಆ ವಿನಾಯಿತಿ ಇಲ್ಲ. ಡೀಸೆಲ್ ಸೇರಿಸಿ ಬಾಡಿಗೆ ಹೇಳುವ ನೋಂದಾಯಿತ ಮಾಲಕರು ಸಾಮಾನ್ಯವಾಗಿ ಶೇ. 5 ಹಾಕುತ್ತಾರೆ. ಹೇಳಿದ ದರದಲ್ಲಿ ಅದು ಸೇರಿದೆಯೇ, ಮೇಲೆ ಬರುತ್ತದೆಯೇ?

• ಡೀಸೆಲ್ ಏರಿದರೆ: ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿತು. ಆರು ತಿಂಗಳ ಮೊದಲು ಗೊತ್ತು ಮಾಡಿದ ಬಸ್ಸಿಗೆ ಹಳೆಯ ದರವೇ ನಿಲ್ಲುತ್ತದೆಯೇ ಎಂದು ಆಗಲೇ ಮಾತಾಡಿ.

ಇಲ್ಲಿ ಮಾತ್ರ ಉಳಿಸಬೇಡಿ

• ತೀರಾ ಕಡಿಮೆ ದರ ಕಂಡರೆ ಸಂತೋಷಪಡುವ ಮೊದಲು ಲೆಕ್ಕ ಹಾಕಿ. ದೊಡ್ಡ ಬಸ್ಸು ಲೀಟರಿಗೆ ನಾಲ್ಕು ಕಿ.ಮೀ. ಆಸುಪಾಸು ಓಡುತ್ತದೆ. ಲೀಟರಿಗೆ 91 ರೂಪಾಯಿ ಹಿಡಿದರೆ ಡೀಸೆಲ್ ಒಂದಕ್ಕೇ ಕಿ.ಮೀ.ಗೆ 23 ರೂಪಾಯಿ ಬೇಕು. ಯಾರಾದರೂ 30ಕ್ಕೆ ಬರುತ್ತೇನೆ ಎಂದರೆ ಉಳಿದ 7 ರೂಪಾಯಿಯಲ್ಲಿ ಚಾಲಕ, ಟಯರು, ತೆರಿಗೆ, ವಿಮೆ, ಕಂತು ಎಲ್ಲ ಆಗಬೇಕು. ಆಗುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿದೆ, ಅದು ಟಯರಿಗೋ ಚಾಲಕನ ನಿದ್ರೆಗೋ ಬಿದ್ದಿರುತ್ತದೆ.

• ಚಾಲಕನ ವಿಶ್ರಾಂತಿಗೆ ಹಣ ಕೊಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆಯ ಕೆಲಸ, ದೂರದ ಮಾರ್ಗದಲ್ಲಿ ಹೆಚ್ಚೆಂದರೆ 10. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ರಾತ್ರಿಯಿಡೀ ಓಡಿಸಿ ಹಗಲು ಐದು ಜಾಗ ತೋರಿಸಿ ಮತ್ತೆ ರಾತ್ರಿ ಮರಳುವ ಯಾತ್ರೆಗೆ ಇಬ್ಬರು ಚಾಲಕರು ಬೇಕೇ ಬೇಕು. ಎರಡನೆಯ ಚಾಲಕನ ಹಣವನ್ನು ಐವತ್ತು ಜನರಿಗೆ ಹಂಚಿದರೆ ತಲೆಗೆ ಬೀಳುವುದು ಒಂದು ಊಟದ ಬೆಲೆಗಿಂತ ಕಡಿಮೆ.

• ಚಾಲಕನಿಗೆ ಮಲಗಲು ಜಾಗ, ಹೊತ್ತಿಗೆ ಊಟ ಕೊಡಿ. ನೀವು ಕೋಣೆಯಲ್ಲಿ ಮಲಗಿ ಅವನನ್ನು ಸೊಳ್ಳೆಯ ನಡುವೆ ಬಸ್ಸಿನ ಸೀಟಿನಲ್ಲಿ ಮಲಗಿಸಿದರೆ ಮರುದಿನ ಶಿರಾಡಿ ಇಳಿಸಬೇಕಾದವನು ಅವನೇ ಎಂಬುದನ್ನು ನೆನಪಿಡಿ.

• 2022ರ ಅಕ್ಟೋಬರ್ 5ರ ರಾತ್ರಿ ಎರ್ನಾಕುಳಂ ಕಡೆಯ ಶಾಲಾ ಮಕ್ಕಳನ್ನು ಊಟಿಗೆ ಕರೆದೊಯ್ಯುತ್ತಿದ್ದ ಟೂರಿಸ್ಟ್ ಬಸ್ಸು ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಅತಿ ವೇಗದಲ್ಲಿ ಸರಕಾರಿ ಬಸ್ಸಿಗೆ ಗುದ್ದಿ 9 ಜನ ತೀರಿಹೋದರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಶಾಲಾ ಪ್ರವಾಸಕ್ಕೆ ರಾತ್ರಿಯ ಓಟ ಬೇಡ ಎಂದು ನಾನು ಹೇಳುವುದು ಇದಕ್ಕಾಗಿ. ಒಂದು ರಾತ್ರಿ ಹೆಚ್ಚು ತಂಗಿದರೆ ಆಗುವ ಖರ್ಚು ಖರ್ಚೇ ಅಲ್ಲ.

• ಶಾಲೆ, ಕಾಲೇಜಿನ ಹಳದಿ ಬಸ್ಸನ್ನು ಆದಿತ್ಯವಾರ ದಿಬ್ಬಣಕ್ಕೆ ಕೇಳುವ ರೂಢಿ ನಮ್ಮ ಕಡೆ ಇದೆ. ಕಾನೂನಿನಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸು ಎಂದರೆ ಆ ಸಂಸ್ಥೆಯ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಸಂಸ್ಥೆಯ ಕೆಲಸಕ್ಕೆ ಒಯ್ಯುವ ಬಸ್ಸು ಮಾತ್ರ. ಬಾಡಿಗೆ ಕಡಿಮೆ ಎಂದು ಹತ್ತಿದರೆ, ಏನಾದರೂ ಆದಾಗ ವಿಮೆಯ ಹಣಕ್ಕೆ ವರ್ಷಗಟ್ಟಲೆ ಅಲೆಯಬೇಕಾದೀತು. ಲೈನ್ ಬಸ್ಸನ್ನು ಗೊತ್ತು ಮಾಡುವವರೂ ಆ ದಿನಕ್ಕೆ ವಿಶೇಷ ಪರ್ಮಿಟ್ ಆಗಿದೆಯೇ ಎಂದು ಕಣ್ಣಾರೆ ನೋಡಿ.

• ಬಸ್ಸಿನ ನಂಬರ್ ಸಿಕ್ಕಿದ ಕೂಡಲೇ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಎಫ್‌ಸಿ, ವಿಮೆ, ತೆರಿಗೆ, ಪರ್ಮಿಟ್ ಯಾವ ದಿನದವರೆಗೆ ಇದೆ ಎಂದು ಅದು ಹೇಳುತ್ತದೆ. ಮಂಡಲದಲ್ಲಿ ಮೊಬೈಲ್ ಬಲ್ಲ ಹುಡುಗಿಯೊಬ್ಬಳಿಗೆ ಐದು ನಿಮಿಷದ ಕೆಲಸ.

ಕಾಗದದಲ್ಲಿ ಬರೆಸಿಕೊಳ್ಳಿ

• ಪರಿಚಯದವರೇ ಆಗಿರಲಿ, ಬರೆದುಕೊಳ್ಳಿ. ಬರೆದದ್ದು ಅಪನಂಬಿಕೆಯ ಗುರುತಲ್ಲ, ಸ್ನೇಹ ಉಳಿಯುವ ದಾರಿ. ಹಾಳೆಯಲ್ಲಿ ಇಷ್ಟು ಇರಲಿ: ಬಸ್ಸಿನ ನಂಬರ್ ಮತ್ತು ಸೀಟು, ಹೊರಡುವ ಮತ್ತು ಮರಳುವ ದಿನ-ಗಂಟೆ, ಮಾರ್ಗ, ಕಿ.ಮೀ. ದರ, ದಿನದ ಕನಿಷ್ಠ ಓಟ, ದಿನದ ಲೆಕ್ಕದ ರೀತಿ, ಮೀಟರ್ ಎಲ್ಲಿಂದ ಎಲ್ಲಿಗೆ, ಭತ್ಯೆ, ಟೋಲ್, ಪರ್ಮಿಟ್, ತೆರಿಗೆ ಯಾರದ್ದು ಎಂಬುದು.

• ಎರಡು ಸಾಲು ಹೆಚ್ಚು ಬರೆಸಿ: ನಾವು ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ಮರಳುತ್ತದೆ, ಬಸ್ಸು ದಾರಿಯಲ್ಲಿ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಬೇರೆ ಬಸ್ಸು ಬರುತ್ತದೆ.

• ಮುಂಗಡವನ್ನು ಮಾಲಕರ ಹೆಸರಿನ ಖಾತೆಗೇ ಹಾಕಿ ರಶೀದಿ ಪಡೆಯಿರಿ. ನಡುವಿನವರ ಕೈಗೆ ನಗದು ಕೊಡಬೇಡಿ. ಪೂರ್ತಿ ಹಣ ಮೊದಲೇ ಕೊಡುವುದೂ ಬೇಡ.

• ಬಸ್ಸು ಬಂದಾಗ, ಮರಳಿದಾಗ ಮೀಟರಿನ ಫೋಟೋ ತೆಗೆಯಿರಿ. ಇಬ್ಬರ ಎದುರಿಗೆ ಅಂಕಿ ಬರೆದು ಚಾಲಕನ ಸಹಿ ಹಾಕಿಸಿ. ಕೊನೆಯ ಲೆಕ್ಕದಲ್ಲಿ ಮಾತು ಬೆಳೆಯುವುದಿಲ್ಲ.

ಊರಿನ ಹಣ, ಊರಿನ ಲೆಕ್ಕ

• ಒಟ್ಟು ಅಂದಾಜಿಗೆ ಶೇ. 10 ಸೇರಿಸಿ ತಲಾ ಹಣ ನಿಗದಿ ಮಾಡಿ. ಘಾಟಿ ಮುಚ್ಚಿ ಸುತ್ತು ಬಿದ್ದರೆ ಬೇಕಾಗುತ್ತದೆ. ಉಳಿದರೆ ಮರಳಿ ಹಂಚಿ. ದಾರಿಯ ನಡುವೆ ನೂರು ಕೊಡಿ, ಇನ್ನೂರು ಕೊಡಿ ಎಂದು ಕೇಳುವುದು ಕೂಲಿ ಮಾಡಿ ಹಣ ಕೂಡಿಸಿ ಬಂದವರಿಗೆ ಬಹಳ ಸಂಕಟ.

• ಕೊಡಲಾಗದವರು ಊರಿನಲ್ಲಿ ಇರುತ್ತಾರೆ. ಬಸ್ಸಿನಲ್ಲಿ ಎರಡು ಸೀಟು ಅಂಥವರಿಗೆ ಎಂದು ಮೊದಲೇ ಲೆಕ್ಕಕ್ಕೆ ಸೇರಿಸಿ, ಯಾರೆಂದು ಯಾರಿಗೂ ಹೇಳಬೇಡಿ. ಐವತ್ತು ಜನರ ಪಾಲಿನಲ್ಲಿ ಅದು ಸಣ್ಣ ಮೊತ್ತ.

• ಮರಳಿ ಬಂದ ವಾರದೊಳಗೆ ಲೆಕ್ಕ ಬರೆದು ಮಂಡಲದ ಪುಸ್ತಕದಲ್ಲಿ ಇಡಿ. ಹೇಳಿದ ಕಿ.ಮೀ. ಎಷ್ಟು, ಓಡಿದ್ದು ಎಷ್ಟು, ಟೋಲ್ ಎಲ್ಲೆಲ್ಲಿ ಎಷ್ಟು, ಭತ್ಯೆ ಎಷ್ಟು, ಯಾವ ಮಾಲಕ ಮಾತು ಉಳಿಸಿಕೊಂಡರು, ಯಾವ ಚಾಲಕ ಘಾಟಿಯಲ್ಲಿ ನಿಧಾನ ಇಳಿಸಿದರು, ಎಲ್ಲವನ್ನೂ ಬರೆಯಿರಿ. ಪೆರಾಬೆಯಿಂದ ಶೃಂಗೇರಿಗೆ, ಮೈಸೂರಿಗೆ, ಗುರುವಾಯೂರಿಗೆ ನಿಜಕ್ಕೂ ಎಷ್ಟು ಬೀಳುತ್ತದೆ ಎಂಬುದು ಮುಂದಿನ ವರ್ಷ ಹೊಣೆ ಹೊರುವವರಿಗೆ ಬೇರೆಲ್ಲೂ ಸಿಗುವುದಿಲ್ಲ. ಒಳ್ಳೆಯ ಮಾಲಕ, ಒಳ್ಳೆಯ ಚಾಲಕ ಸಿಕ್ಕಿದರೆ ಮುಂದಿನ ಸಲವೂ ಅವರನ್ನೇ ಕರೆಯಿರಿ, ನ್ಯಾಯವಾದ ಬಾಡಿಗೆ ಕೊಡಿ. ನಮ್ಮ ಮನೆಯವರನ್ನೆಲ್ಲ ಒಂದೇ ಬಸ್ಸಿನಲ್ಲಿ ಕೂರಿಸಿ ಕಳುಹಿಸುತ್ತೇವೆ, ಆ ನಂಬಿಕೆಗೆ ತಕ್ಕ ಹಣ ಕೊಡುವುದು ನಮ್ಮ ಹೊಣೆ.